ದೊಡ್ಡಬೀರಯ್ಯನ ಕುಟ್ಟಾಣಿ

ಮಳವಳ್ಳಿಯ ದೊಡ್ಡಬೀರಯ್ಯ ಮಧ್ಯಾಹ್ನದ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಮಕ್ಕಳಿಬ್ಬರನ್ನೂ ಬೈದು, ಜಗಲಿಯ ಮೇಲೆ ಒರಗಿದವನು ಮತ್ತೆ ಏಳಲಿಲ್ಲ.

ಅದು ಯುದ್ಧದ ಕಾಲ. ಊರಿಗೆಲ್ಲ ಅಕ್ಕಿಯ ಪರದಾಟ. ಆ ಮನೆಯಲ್ಲಿ ಮಾತ್ರ ಕಣಜದ ತುಂಬ ಭತ್ತ, ತೊಟ್ಟಿಯಂಗಳದಲ್ಲಿ ಕರೆಂಟು ದೀಪ. ಇಲ್ಲದಿದ್ದದ್ದು ನಂಬಿಕೆ ಒಂದೇ. ವಿಷ ಹಾಕಿಯಾರೆಂದು ಮುದುಕ ಆಳುಗಳನ್ನೆಲ್ಲ ಬಿಡಿಸಿದ್ದ. ಮಕ್ಕಳು ಒಂದು ತುತ್ತು ನುಂಗಿದ ಮೇಲೇ ತಾನು ಉಣ್ಣುತ್ತಿದ್ದ. ಸೊಸೆಯರಿಬ್ಬರೂ ಜಗಳವಾಡಿ ತವರು ಸೇರಿದ್ದರು.

ಪೊಲೀಸರು ಮನೆ ಜಾಲಾಡಿದಾಗ ಹಿರಿಮಗ ಮಾದಯ್ಯನ ಪೆಟ್ಟಿಗೆಯಲ್ಲೊಂದು ಪಾಷಾಣದ ಪೊಟ್ಟಣ ಸಿಕ್ಕಿತು. ಕಿರಿಮಗ ಪುಟ್ಟರಾಜುವಿನ ಹಾಸಿಗೆಯಡಿ ಇನ್ನೊಂದು.

ಪೊಲೀಸರು ಕರೆಸಿದ್ದ ನಿವೃತ್ತ ಇನ್‌ಸ್ಪೆಕ್ಟರ್ ಮಹದೇವಯ್ಯ ಮರುದಿನ ಬಂದಾಗ ಜೊತೆಯಲ್ಲಿ ಗೆಳೆಯ ಮುದ್ದಯ್ಯ ಮೇಷ್ಟರೂ ಇದ್ದರು. ಸತ್ತವನ ಹೆಂಡತಿ ದೇವಿರಮ್ಮ ಮೇಷ್ಟರಿಗೆ ಒಂದೇ ಕೇರಿಯಲ್ಲಿ ಆಡಿ ಬೆಳೆದ ತಂಗಿಯಂಥವಳು. ಅವಳ ಮುಖ ನೋಡಲು ಅವರಿಗೆ ಧೈರ್ಯ ಬರಲಿಲ್ಲ. ಒಲೆ ಹೊತ್ತಿರಲಿಲ್ಲ. ನಿನ್ನೆಯ ಎಂಜಲು ತಟ್ಟೆಗಳು ಹಾಗೆಯೇ ಒಣಗಿದ್ದವು. ಗೂಡಿನಲ್ಲಿದ್ದ ಹಿತ್ತಾಳೆಯ ಕುಟ್ಟಾಣಿ ಮಾತ್ರ ಫಳಫಳ ಹೊಳೆಯುತ್ತಿತ್ತು.

ಮಹದೇವಯ್ಯ ಎಲ್ಲರನ್ನೂ ತೊಟ್ಟಿಯಲ್ಲಿ ಕೂರಿಸಿದರು.

"ಪಾಷಾಣ ಯಾತಕ್ಕಪ್ಪ ತಂದಿದ್ರಿ?"

"ಇಲಿಗೆ, ಸ್ವಾಮಿ," ಎಂದ ಮಾದಯ್ಯ.

"ನಾನೂ ಇಲಿಗೇಯ," ಎಂದ ಪುಟ್ಟರಾಜು.

"ಇಬ್ಬರಿಗೂ ಒಂದೇ ಇಲಿ," ಎಂದರು ಮಹದೇವಯ್ಯ. "ಆದರೆ ನಿಮ್ಮ ಪೊಟ್ಟಣ ಬಿಚ್ಚೇ ಇಲ್ಲ. ಸತ್ತದ್ದು ಕಣಗಿಲೆ ಬೇರಿನ ವಿಷದಿಂದ ಅಂತ ಡಾಕ್ಟರು ಹೇಳಿದ್ದಾರೆ. ಊಟ ಮೂವರದೂ ಒಂದೇ; ನೀವಿಬ್ಬರೂ ಬದುಕಿದ್ದೀರಿ. ಹಾಗಾದರೆ ಅವರೊಬ್ಬರೇ ತಿಂದದ್ದು ಏನು? ಎಲೆಅಡಿಕೆ. ಹಲ್ಲಿಲ್ಲದವರು, ಕುಟ್ಟಿಸಿಕೊಂಡು ತಿನ್ನುತ್ತಿದ್ದರು. ಹೊಗೆಸೊಪ್ಪಿನ ಘಾಟಿನಲ್ಲಿ ಕಹಿ ಗೊತ್ತಾಗಲಿಲ್ಲ. ಸಾವಿನ ಮನೆಯಲ್ಲಿ ಒಂದು ತಟ್ಟೆಯನ್ನೂ ತೊಳೆದಿಲ್ಲ, ಕುಟ್ಟಾಣಿಯನ್ನು ಮಾತ್ರ ಹುಣಸೆಹಣ್ಣು ಹಾಕಿ ಬೆಳಗಿದ್ದಾರೆ. ಈ ಗಂಡಸರಿಗೆ ಆ ಕೆಲಸ ಬರೋದಿಲ್ಲ."

ಅವರು ದೇವಿರಮ್ಮನ ಕಡೆ ತಿರುಗಿದರು. "ದಿನಾ ಕುಟ್ಟಿ ಕೊಡುತ್ತಿದ್ದವರು ನೀವಲ್ಲವೇನಮ್ಮ?"

ದೇವಿರಮ್ಮ ಸೆರಗು ಸರಿಮಾಡಿಕೊಂಡಳು. "ಊಂ, ಸ್ವಾಮಿ. ನಾನೇಯ. ಈ ಮಕ್ಳೆರಡೂ ಪೊಟ್ಣ ಬಚ್ಚಿಟ್ಟಿದ್ದ ಕಂಡಿದ್ದೆ. ಇವತ್ತಲ್ಲ ನಾಳೆ ಅಪ್ಪನ ಕೊಂದು ಒಬ್ಬ ಗಲ್ಲಿಗೋಗೋನು. ನಾನು ಸಾಯೋ ಮುದ್ಕಿ. ನಾನೇ ಗಲ್ಲಿಗೋದ್ರೆ ಯಾರಿಗೇನು ನಷ್ಟ?"

ಮುದ್ದಯ್ಯನವರು ಆ ಇಬ್ಬರ ಕಡೆ ನೋಡಿದರು. ಮಕ್ಕಳು ಈಗಲಾದರೂ ಬಂದು ಅವಳ ಕಾಲು ಹಿಡಿದಾರೆಂದು ಕಾದರು.

ಮಾದಯ್ಯ ಕೆಮ್ಮಿದ. "ಅವ್ವಾ, ಬೀಗದ ಕೈ?"

ಅವಳು ಸೊಂಟದಿಂದ ಗೊಂಚಲು ಬಿಚ್ಚಿ ನೆಲದ ಮೇಲಿಟ್ಟಳು. ಇಬ್ಬರೂ ಒಟ್ಟಿಗೆ ಬಗ್ಗಿದರು. ತಲೆಗೆ ತಲೆ ಡಿಕ್ಕಿ ಹೊಡೆಯಿತು. "ಬುಡ್ಲಾ ಕೈಯ!" "ನೀನು ಬುಡು ಮೊದ್ಲು!"

ಬಾಗಿಲಲ್ಲಿ ನಿಂತಿದ್ದ ಪೊಲೀಸಿನವನು ದೇವಿರಮ್ಮನನ್ನು ಕರೆದುಕೊಂಡು ಹೊರಟ. ಮೆಟ್ಟಿಲಿಳಿಯುವಾಗ ಅವಳ ಕಾಲು ತಡವರಿಸಿತು. ಮುದ್ದಯ್ಯನವರೇ ಹೋಗಿ ತೋಳು ಹಿಡಿದರು. ಒಳಗೆ ಜಗಳ ಜೋರಾಗಿತ್ತು.

"ಮುದ್ದಣ್ಣ," ಎಂದಳು ಅವಳು ಮೆಲ್ಲಗೆ, "ನಿನ್ನೆಯಿಂದ ಏನೂ ಉಂಡಿಲ್ಲ ಅವು. ಯಾರ್ ಕೈಲಾದ್ರೂ ಎರಡು ಮುದ್ದೆ ಮಾಡಿಸ್ಬುಡಣ್ಣ."