ಏಳನೇ ಪೈಪಿನ ದಾರ

“ಏಳನೇ ಪೈಪಲ್ಲಿ ದಾರಾನೇ ಇಲ್ವಲ್ಲ!”

ಅಜ್ಜ ಗೋಡೆಯ ಡಬ್ಬಿಯೊಳಗೆ ಟಾರ್ಚ್ ಬಿಟ್ಟು ಮತ್ತೆ ಇಣುಕಿದರು. ಹಿಂದೆ ನಿಂತಿದ್ದ ಚಿನಕುರಳಿ ಒಂದು ಹೆಜ್ಜೆ ಹಿಂದೆ ಸರಿದಳು. ಒಂದು ಕಡೆ ಕೂತರೆ ತಾನೇ ಅವಳು? ಅದಕ್ಕೇ ಮನೆಯವರೆಲ್ಲ ಅವಳನ್ನು ಹಾಗೆ ಕರೆಯುತ್ತಿದ್ದರು.

ಜೀವನವಿಡೀ ಬೇರೆಯವರ ಮನೆಗಳಿಗೆ ನೆಟ್‌ವರ್ಕ್ ಕೇಬಲ್ ಎಳೆದವರು ಅಜ್ಜ. ಈಗ ಮೊದಲ ಸಲ ಸ್ವಂತ ಮನೆ. ದೊಡ್ಡ ಹಾಳೆಯಲ್ಲಿ ತಾವೇ ಪ್ಲಾನ್ ಬರೆದಿದ್ದರು. ಮೆಟ್ಟಿಲ ಕೆಳಗಿನ ಗೂಡಿನಿಂದ ಒಂದೊಂದು ಕೋಣೆಗೂ ಒಂದೊಂದು ಪೈಪು, ಒಟ್ಟು ಎಂಟು. ಪ್ರತಿ ಪೈಪಿನೊಳಗೂ ನೈಲಾನ್ ದಾರ. ಅದರ ತುದಿಗೆ ಕೇಬಲ್ ಕಟ್ಟಿ ಆ ಕಡೆಯಿಂದ ಎಳೆದರಾಯಿತು. ದಾರ ಹಾಕಿದ ಪೈಪಿಗೆಲ್ಲ ಹಾಳೆಯಲ್ಲಿ ಕೆಂಪು ಟಿಕ್.

ಏಳನೆಯದು ಅಕ್ಕನ ಕೋಣೆಯದು. ಗೋಡೆಗೆ ಬಣ್ಣ ಹೊಡೆದ ವಾರ ಚಿನಕುರಳಿ ಅಲ್ಲಿ ಹಳದಿ ದಾರದ ತುದಿ ಕಂಡಿದ್ದಳು. ಚೂರು ಎಳೆದಳು. ಬಂತು. ಇನ್ನೂ ಎಳೆದಳು. ಸರಸರನೆ ಬರುತ್ತಲೇ ಇತ್ತು! ಪೂರ್ತಿ ಕೈಗೆ ಬಂದ ಮೇಲೆ ಮೂರು ಎಳೆ ಹೆಣೆದು ಸ್ಕಿಪ್ಪಿಂಗ್ ಹಗ್ಗ ಮಾಡಿಕೊಂಡಿದ್ದಳು.

ಅಪ್ಪ ದಾರದ ಬದಲು ಉದ್ದನೆಯ ಉಕ್ಕಿನ ತಂತಿ ತೂರಿಸಿ ನೋಡಿದರು. ಮೂರನೇ ತಿರುವಿನಲ್ಲಿ ಸಿಕ್ಕಿಕೊಂಡದ್ದು ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ.

“ಹೊಸ ಗೋಡೆ ಒಡೆಯೋದು ಬೇಡಪ್ಪ. ನಾನು ಹಾಲಲ್ಲೇ ಓದ್ಕೊಳ್ತೀನಿ,” ಎಂದಳು ಅಕ್ಕ. ಅವಳ ಕೋಣೆಗೆ ವೈಫೈ ಸರಿಯಾಗಿ ಸಿಗುತ್ತಿರಲಿಲ್ಲ. ಕಂಪ್ಯೂಟರ್ ಇಡಲು ಕಿಟಕಿ ಪಕ್ಕದ ಜಾಗವನ್ನು ಅವಳು ಆಗಲೇ ಅಳೆದಿಟ್ಟಿದ್ದಳು.

ಅಜ್ಜ ಹಾಳೆಯನ್ನೇ ನೋಡುತ್ತಿದ್ದರು. “ಟಿಕ್ ಹಾಕಿದೀನಿ, ದಾರ ಹಾಕಿಲ್ಲ. ಮರ್ತಿದೀನಿ.”

“ಹೋಗ್ಲಿ ಬಿಡಿ ಮಾವ, ವಯಸ್ಸಾದ್ಮೇಲೆ ಇದೆಲ್ಲ ಇದ್ದದ್ದೇ,” ಎಂದಳು ಅಮ್ಮ ಸಮಾಧಾನದ ದನಿಯಲ್ಲಿ.

ಅಜ್ಜ ಕೆಂಪು ಪೆನ್ಸಿಲ್ ತೆಗೆದು ಏಳನೇ ಟಿಕ್ಕನ್ನು ಹೊಡೆದು ಹಾಕಿದರು. ಚಿನಕುರಳಿ ಮೆಲ್ಲಗೆ ಹೊರಗೆ ಜಾರಿಕೊಂಡಳು.

ಮಾರನೆಯ ದಿನ ಅಜ್ಜ ಕೇಬಲ್‌ಗಳಿಗೆ ನಂಬರ್ ಚೀಟಿ ಅಂಟಿಸುತ್ತ, “ಇದು ನಾಲ್ಕೇ ತಾನೆ? ನೀನೊಂದ್ಸಲ ನೋಡಪ್ಪ,” ಎಂದು ಅಪ್ಪನನ್ನು ಕೇಳಿದರು. ಕೆಲಸದಲ್ಲಿ ಅಜ್ಜ ಯಾರನ್ನೂ ಹಾಗೆ ಕೇಳಿದವರೇ ಅಲ್ಲ. ಮೆಟ್ಟಿಲ ಕೆಳಗಿನ ಗೂಡಿಗೆ ಬೀಗ ಹಾಕಿದ ಮೇಲೂ ಮೂರು ಸಲ ಎಳೆದು ನೋಡಿದರು.

ಚಿನಕುರಳಿಗೆ ಇನ್ನು ತಡೆಯಲಾಗಲಿಲ್ಲ. ಹಳದಿ ಹಗ್ಗ ತಂದು ಅಜ್ಜನ ಮುಂದಿಟ್ಟಳು. “ನೀನು ಮರ್ತಿರಲಿಲ್ಲ ಅಜ್ಜ. ದಾರ ನಾನೇ ಎಳ್ಕೊಂಡೆ.”

ಅಜ್ಜ ಹೆಣಿಗೆಯನ್ನು ಬೆರಳಲ್ಲಿ ಸವರಿದರು. “ನಿನ್ನೆ ಯಾಕೆ ಹೇಳ್ಲಿಲ್ಲ ಮಗು?”

ಅವಳು ಅಳತೊಡಗಿದಳು. ಅಜ್ಜ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅಂತ ಅವಳಿಗೆ ಅನ್ನಿಸಿತು. ಅಜ್ಜ ಹಾಳೆ ಬಿಡಿಸಿ, ಹೊಡೆದು ಹಾಕಿದ್ದ ಟಿಕ್ಕಿನ ಪಕ್ಕದಲ್ಲಿ ಇನ್ನೊಂದು ಟಿಕ್ ಹಾಕಿದರು.

ಸಂಜೆ ಅಜ್ಜ ವಾಕಿಂಗ್‌ಗೆ ಹೊರಟಾಗ ಹಾಲಿನಲ್ಲಿ ಅಕ್ಕ ಪಾತ್ರೆಗಳ ಸದ್ದಿನ ನಡುವೆ ಕಿವಿ ಮುಚ್ಚಿಕೊಂಡು ಓದುತ್ತಿದ್ದಳು. ಚಿನಕುರಳಿ ತುದಿಗಾಲಲ್ಲಿ ದಾಟಿ ಅಜ್ಜನ ಹಿಂದೆ ಹೋದಳು.

ಅಜ್ಜ ಗೇಟಿಗೆ ಚಿಲಕ ಹಾಕಿದರು. ನಾಲ್ಕು ಹೆಜ್ಜೆ ಹೋಗಿ ನಿಂತರು. ಮತ್ತೆ ಹಿಂದೆ ತಿರುಗಿ ನೋಡಿದರು.

“ಹಾಕಿದೀಯ ಅಜ್ಜ. ನಾನು ನೋಡಿದೆ,” ಎಂದಳು ಚಿನಕುರಳಿ.

ಅಜ್ಜ ತಲೆಯಾಡಿಸಿದರು. ಆದರೂ ವಾಪಸ್ ಹೋಗಿ ಚಿಲಕವನ್ನು ಮುಟ್ಟಿ ನೋಡಿದರು. ಅವರು ಬರುವವರೆಗೂ ಅವಳು ಕಾದು ನಿಂತಳು.