ಮಸಾಲೆ ದೋಸೆಯ ಸುಳ್ಳು

"ಬಾಯಿ ತೆಗಿ ಪುಟ್ಟಿ, ನೋಡ್ತೀನಿ," ಎಂದರು ನರ್ಸ್ ಮುನಿಯಮ್ಮ.

ಆಸ್ಪತ್ರೆಯ ಮಂಚದ ಮೇಲೆ ಶಿವಲೀಲಾ ತುಟಿ ಬಿಗಿದುಕೊಂಡು ಗೋಡೆ ಕಡೆ ತಿರುಗಿದಳು. ಈಗಲೇ ಡಾಕ್ಟರನ್ನು ಕರೆಯುತ್ತೇನೆ ಎಂದು ಹೆದರಿಸಿ ನರ್ಸ್ ಹೊರಗೆ ಹೋದರು.

ಅವಳಿಗೆ ಸಿಟ್ಟು ಇದ್ದದ್ದು ನರ್ಸ್ ಮೇಲಲ್ಲ, ಅಪ್ಪನ ಮೇಲೆ. ಬೆಳಿಗ್ಗೆ ತಮ್ಮೂರು ಮಗ್ಗೆಯಿಂದ ಹೊರಡುವಾಗ ಅಪ್ಪ, ಮನೆಯಲ್ಲಿ ಏನೂ ತಿನ್ನಬೇಡ, ಸಕಲೇಶಪುರದ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸುತ್ತೇನೆ ಎಂದಿದ್ದ. ಖಾಲಿ ಹೊಟ್ಟೆಯಲ್ಲಿ ಕುಣಿಯುತ್ತ ಬಸ್ ಹತ್ತಿದವಳಿಗೆ ಸಿಕ್ಕಿದ್ದು ಆಪರೇಷನ್. ಮೂಗಿನ ಹಿಂದೆ ಅಡಿನಾಯ್ಡ್ ಅಂತ ಗಡ್ಡೆ ಬೆಳೆದಿತ್ತಂತೆ, ಅದಕ್ಕೇ ಅವಳು ಪಕ್ಕದ ಮನೆಗೂ ಕೇಳುವಂತೆ ಗೊರಕೆ ಹೊಡೆಯುತ್ತಿದ್ದಳಂತೆ. ಅದೇನೇ ಇರಲಿ. ಮೊದಲೇ ಹೇಳಬಾರದಿತ್ತೇ? ಇಂಥ ಮೋಸಗಾರನ ಎದುರು ಇನ್ನು ಬಾಯಿಯೇ ಬಿಡುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು.

ಆಪರೇಷನ್ ಮುಗಿದು ಎಚ್ಚರವಾದಾಗಿನಿಂದ ಗಂಟಲಲ್ಲಿ ಬೆಚ್ಚಗೆ ಏನೋ ಇಳಿಯುತ್ತಿತ್ತು. ರಕ್ತ ಬಂದರೆ ಉಗಿಯಬೇಕು, ತಕ್ಷಣ ಹೇಳಬೇಕು ಎಂದು ನರ್ಸ್ ಹೇಳಿಕೊಟ್ಟಿದ್ದರು. ಹೇಳಬೇಕಾದರೆ ಬಾಯಿ ಬಿಡಬೇಕಲ್ಲ! ಶಿವಲೀಲಾ ನುಂಗಿದಳು. ಮತ್ತೆ ನುಂಗಿದಳು. ತಲೆ ಸುತ್ತಿತು. ಆದರೂ ಬಗ್ಗಲಿಲ್ಲ.

ಅವಳ ಬೆನ್ನ ಹಿಂದೆ ನಿಂತಿದ್ದ ಅಪ್ಪ ಮಂಚ ಸುತ್ತಿ ಅವಳ ಮುಖದ ಕಡೆ ಬಂದ. ಅವಳ ಗಂಟಲು ಮತ್ತೆ ಮತ್ತೆ ಏರಿ ಇಳಿಯುವುದನ್ನೇ ನೋಡಿದ. ಹೆಗಲ ಮೇಲಿನ ಟವೆಲನ್ನು ಅವಳ ಬಾಯಿಯ ಕೆಳಗೆ ಹಿಡಿದ.

"ನನ್ ಮ್ಯಾಲೆ ಸಿಟ್ಟಿದ್ರೆ ಇರ್ಲಿ ಕಣವ್ವ. ನುಂಗ್ಬ್ಯಾಡ, ಉಗಿ."

ಅವಳು ಉಗಿದಳು. ಟವೆಲ್ ಕೆಂಪಾಯಿತು. ಅಪ್ಪ ಕೂಗಿದ್ದಕ್ಕೆ ನರ್ಸ್ ಜೊತೆ ಡಾಕ್ಟರೂ ಓಡಿಬಂದು, ಟಾರ್ಚ್ ಬಿಟ್ಟು ನೋಡಿದರು. ಅಪ್ಪನನ್ನು ಬಾಗಿಲ ಹತ್ತಿರ ಕರೆದು ಏನೋ ಹೇಳಿದರು.

ಅಪ್ಪ ನಗುಮುಖ ಮಾಡಿಕೊಂಡು ವಾಪಸ್ ಬಂದ. "ಏನಿಲ್ಲ ಪುಟ್ಟಿ, ಸುಮ್ನೆ ಇನ್ನೊಂದ್ಸಲ ನೋಡ್ತಾರಂತೆ..."

ಶಿವಲೀಲಾ ದುರುಗುಟ್ಟಿದಳು. "ನಿಜ ಹೇಳು," ಎಂದಳು. ಗಂಟಲು ಉರಿಯಿತು.

ಅಪ್ಪನ ನಗು ಇಳಿದುಹೋಯಿತು. "ರಕ್ತ ನಿಲ್ತಾ ಇಲ್ಲ ಕಣವ್ವ. ಮತ್ತೆ ನಿದ್ದೆ ಬರ್ಸಿ, ಗಾಯದ ಮ್ಯಾಲೆ ಬಟ್ಟೆ ಇಟ್ಟು ಒತ್ತಿ ನಿಲ್ಲಿಸ್ತಾರಂತೆ. ಎದ್ಮೇಲೆ ನೋಯ್ತದೆ. ನಂಗೂ ಭಯ ಆಗೈತೆ. ಬೆಳಿಗ್ಗೆನೂ ಆಗಿತ್ತು, ಅದ್ಕೇ ದೋಸೆ ಅಂದೆ."

ಅಪ್ಪ ಕೆಂಪಾದ ಟವೆಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. ಕಾಡಾನೆ ಗದ್ದೆಗೆ ನುಗ್ಗಿದಾಗ ತಮಟೆ ಬಡಿದು ಓಡಿಸುವ ಅಪ್ಪ. ಅವನಿಗೂ ಭಯವಾಗುತ್ತದೆ ಎಂದು ಅವಳು ಅಂದುಕೊಂಡೇ ಇರಲಿಲ್ಲ.

ಸ್ಟ್ರೆಚರ್ ಬಂತು. ಯಾರೂ ಎತ್ತುವುದು ಬೇಡ ಎಂದು ಕೈ ಆಡಿಸಿ, ಶಿವಲೀಲಾ ತಾನೇ ಅದರ ಮೇಲೆ ಜರುಗಿ ಮಲಗಿದಳು. ಆಪರೇಷನ್ ರೂಮಿನ ಬಾಗಿಲಲ್ಲಿ ಅಪ್ಪನನ್ನು ತಡೆದಾಗ ತಲೆ ಎತ್ತಿ ನೋಡಿದಳು.

"ನೀನು ಇಲ್ಲೇ ಕೂತಿರು," ಎಂದಳು. "ನಾನು ಬತ್ತೀನಿ."