ಹಿತ್ತಾಳೆ ರಿಂಗಿನ ಪರದೆ

ಕಿಣ್...

ಕಬ್ಬಿಣದ ಸರಳಿನ ಮೇಲೆ ಒಂದೇ ಒಂದು ರಿಂಗ್ ಸರಿದ ಸದ್ದು. ರಾತ್ರಿ ಹನ್ನೊಂದೂವರೆ ದಾಟಿತ್ತು. ಅಮೂಲ್ಯ ಕಣ್ಣು ಮುಚ್ಚಿಕೊಂಡೇ ಉಸಿರು ಬಿಗಿಹಿಡಿದಳು.

ಅವಳ ಗಂಡ ಜ್ಞಾನೇಶ್ ಬಾಗಿಲಲ್ಲಿ ನಿಂತಿದ್ದ. ಪರದೆಯ ಅಂಚನ್ನು ಒಂದು ಗೇಣು ಸರಿಸಿ ಅವಳನ್ನೇ ನೋಡುತ್ತಿದ್ದ. ಮುಚ್ಚಿದ ರೆಪ್ಪೆಯ ಮೇಲೆ ಬಿದ್ದ ಹಾಲ್‌ನ ಬೆಳಕಿನಿಂದಲೇ ಅವಳಿಗದು ತಿಳಿಯುತ್ತಿತ್ತು.

'ಇವತ್ತಾದರೂ ಒಳಗೆ ಬರಲಿ...'

ಮತ್ತೆ ರಿಂಗ್ ಸರಿಯಿತು. ಬೆಳಕು ಹೋಯಿತು. ಸ್ವಲ್ಪ ಹೊತ್ತಿಗೆ ಹಾಲ್‌ನಲ್ಲಿ ದಿವಾನದ ಕಾಲು ಕಿರುಗುಟ್ಟಿತು. ಇವತ್ತೂ ಅಲ್ಲೇ ಮಲಗಿದ.

ಮದುವೆಯಾಗಿ ಎರಡು ತಿಂಗಳು. ಎರಡು ತಿಂಗಳಿಂದಲೂ ಇದೇ.

ಪೇಟೆಯಂಚಿನ ಆಲ್ಕೊಳ ಬಡಾವಣೆಯ ಆ ಹೊಸ ಮನೆಗೆ ಗೃಹಪ್ರವೇಶ ಮುಗಿದಿತ್ತೇ ಹೊರತು ಕೆಲಸ ಮುಗಿದಿರಲಿಲ್ಲ. ಮರ ಇನ್ನೂ ಒಣಗಿಲ್ಲವೆಂದು ಬಡಗಿ ಮಲಗುವ ಕೋಣೆಯ ಬಾಗಿಲನ್ನು ಕೂರಿಸಿರಲಿಲ್ಲ. ಅತ್ತೆ ಸುಭದ್ರಮ್ಮ ಹಳೇ ಮನೆಯ ಪರದೆಯೊಂದನ್ನು ಅಲ್ಲಿ ಇಳಿಬಿಟ್ಟಿದ್ದರು.

ಮದುವೆಯ ನಾಲ್ಕೈದು ದಿನದ ರಜೆಯೆಲ್ಲ ನೆಂಟರ ಗದ್ದಲದಲ್ಲಿ, ದೇವಸ್ಥಾನಗಳ ಓಡಾಟದಲ್ಲಿ ಕಳೆದುಹೋಗಿತ್ತು. ಜ್ಞಾನೇಶ್‌ಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ. ಜೊತೆಯವನೊಬ್ಬ ಕಾಲು ಮುರಿದುಕೊಂಡಿದ್ದರಿಂದ ಇವನಿಗೆ ವಾರದ ರಜೆಯೂ ಇಲ್ಲದೆ ದಿನವೂ ಎರಡನೇ ಪಾಳಿ. ಮಧ್ಯಾಹ್ನ ಹೊರಟರೆ ಮನೆ ಸೇರುವಾಗ ಊರೆಲ್ಲ ಮಲಗಿರುತ್ತಿತ್ತು. ಮೊದಲ ದಿನ ಹೊರಡುವಾಗ ಹೊಸ್ತಿಲಲ್ಲಿ ನಿಂತು ಅವನು ಹೇಳಿದ್ದು ಒಂದೇ ಮಾತು. "ನಂಗೆ ಕಾಯ್ಬೇಡ. ಮಲಗಿರು."

ಅಮೂಲ್ಯ ಬಿ.ಎ. ಓದಿದವಳು. ಆದರೂ ಗಂಡನ ಮೊದಲ ಮಾತನ್ನೇ ಮೀರಬಾರದೆಂದು ತವರೂರು ಕುಂಸಿಯಿಂದ ಹೊರಡುವಾಗ ಅವ್ವ ಹೇಳಿದ್ದು ಕಿವಿಯಲ್ಲಿ ಕೂತಿತ್ತು. ಮಲಗು ಎಂದರೆ ಮಲಗಬೇಕು. ನಿದ್ದೆ ಬಾರದಿದ್ದರೆ ಕಣ್ಣನ್ನಾದರೂ ಮುಚ್ಚಿಕೊಂಡಿರಬೇಕು. ಹಾಗೇ ಮಾಡಿದಳು, ದಿನವೂ.

'ನೋಡ್ತಾರೆ, ಹೋಗ್ತಾರೆ. ನಾನು ಇಷ್ಟವಿಲ್ಲದಿದ್ದರೆ ನೋಡೋದಾದರೂ ಯಾಕೆ?'

ಅತ್ತೆ ಮಾತ್ರ ಅಕ್ಕಪಕ್ಕದವರ ಮುಂದೆ ಬೀಗುತ್ತಿದ್ದರು. ಹೆಂಡತಿಯ ನಿದ್ದೆ ಕೆಡಬಾರದೆಂದು ಹಾಲ್‌ನಲ್ಲೇ ಮಲಗುವ ಮಗ ಎಷ್ಟು ಜನಕ್ಕಿದ್ದಾನೆ ಎಂದು ಕೇಳುತ್ತಿದ್ದರು.

ಇನ್ನು ನಾಲ್ಕು ದಿನಕ್ಕೆ ಆಷಾಢ. ಹೊಸ ಸೊಸೆ ಅತ್ತೆಯ ಮನೆಯಲ್ಲಿರುವಂತಿಲ್ಲ. ಭಾನುವಾರ ತಮ್ಮ ಮಲ್ಲಿಕ್ ಬಂದು ಕರೆದೊಯ್ಯುವವನಿದ್ದ. ಶ್ರಾವಣಕ್ಕೆ ಗಂಡ ಬಂದು ಕರೆದುಕೊಂಡು ಬರಬೇಕು.

ಬರುತ್ತಾನೆಯೇ? ಬಂದರೂ ಮನಸ್ಸಿನಿಂದಲೋ, ಊರವರ ಬಾಯಿಗೆ ಹೆದರಿಯೋ? ಅದು ತಿಳಿಯದೆ ತವರಿಗೆ ಹೋಗುವುದು ಅವಳಿಂದ ಆಗದು. ಕೇಳುವುದೂ ಆಗದು.

* * *

ಗುರುವಾರ ಬೆಳಿಗ್ಗೆ ಸುಭದ್ರಮ್ಮ ಇಬ್ಬರನ್ನೂ ಹೊರಡಿಸಿಕೊಂಡು ಪೇಟೆಯ ಗಾಂಧಿ ಬಜಾರಿಗೆ ಬಂದರು. ಸೊಸೆ ಊರಿಗೆ ಹೋಗುವ ಮೊದಲು ಮನೆಗೆ ಪರದೆ ಹೊಲಿಯಲು ಹಾಕಬೇಕಿತ್ತು.

ಉಜ್ಜನಪ್ಪ ಪರದೆ ಬಿಟ್ಟು ಬೇರೇನೂ ಹೊಲಿಯದ ದರ್ಜಿ. ಅವನ ಅಂಗಡಿಯ ಒಳಭಾಗದಲ್ಲಿ ಉದ್ದ ಸರಳುಗಳಿಗೆ ಮಾದರಿಯ ಪರದೆಗಳು ಇಳಿಬಿದ್ದಿದ್ದವು. ಬಟ್ಟೆ ಆಮೇಲೆ ಆರಿಸಿ, ಮೊದಲು ಮೇಲಂಚಿನ ತಲೆಪಟ್ಟಿ ಹೇಗಿರಬೇಕು ಹೇಳಿ, ಅಳತೆಯೆಲ್ಲ ಅದರ ಮೇಲೇ ನಿಂತಿರೋದು ಎಂದ ಅವನು ಒಂದೊಂದನ್ನೂ ಎಳೆದು ತೋರಿಸಿದ. ಮೇಲಂಚನ್ನು ಚೀಲದ ಬಾಯಂತೆ ಮಡಿಸಿ ಸರಳು ತೂರಿಸುವುದು ಒಂದು. ಬಟ್ಟೆಯದೇ ಕುಣಿಕೆಗಳಿಂದ ನೇತುಹಾಕುವುದು ಇನ್ನೊಂದು. ಸೀರೆಯಂತೆ ನಿರಿಗೆ ಹಿಡಿದು, ಪ್ರತಿ ನಿರಿಗೆಯ ತಲೆಗೂ ಹಿತ್ತಾಳೆ ರಿಂಗ್ ಸಿಕ್ಕಿಸುವುದು ಮೂರನೆಯದು.

ಸುಭದ್ರಮ್ಮನಿಗೆ ಮೊದಲನೆಯದೇ ಸಾಕೆನಿಸಿತು. ಆದರೆ ಅದು ಸರಾಗವಾಗಿ ಸರಿಯುವುದಿಲ್ಲ, ಕಿಟಕಿಗಾದರೆ ಸರಿ, ಬಾಗಿಲಿಗೆ ಬೇಡ ಎಂದ ಉಜ್ಜನಪ್ಪ.

"ಹಂಗಾದ್ರೆ ಬಟ್ಟೆ ಕುಣಿಕೇದು ಹಾಕಿ," ಎಂದ ಜ್ಞಾನೇಶ್, ಯಾರನ್ನೂ ನೋಡದೆ. "ಸದ್ದಾಗಲ್ಲ. ರಾತ್ರಿ ಬಂದದ್ದು, ಹೋದದ್ದು ಯಾರಿಗೂ ಗೊತ್ತಾಗಲ್ಲ."

ಅಮೂಲ್ಯಳ ಕೈ ಸೆರಗಿನ ತುದಿಯಲ್ಲೇ ನಿಂತುಬಿಟ್ಟಿತು.

ಅವನು ತನ್ನನ್ನು ನೋಡಲು ಬರುತ್ತಾನೆ ಎಂಬುದಕ್ಕೆ ಅವಳಲ್ಲಿದ್ದದ್ದು ಆ ಒಂದು ಸದ್ದು. ಅದಕ್ಕಾಗಿಯೇ ಅವಳು ಹನ್ನೊಂದೂವರೆಯ ತನಕ ಎಚ್ಚರವಿರುತ್ತಿದ್ದಳು. ಅದೂ ಹೋದರೆ ಉಳಿಯುವುದೇನು?

"ಬೇಡ," ಎಂದಳು.

ಅತ್ತೆ ತಿರುಗಿದರು. ಮದುವೆಯಾದ ಮೇಲೆ ಸೊಸೆಯ ಬಾಯಿಂದ ಆ ಪದ ಬಂದದ್ದು ಅದೇ ಮೊದಲು.

"ನಂಗೆ ನಿರಿಗೇದು ಬೇಕು, ಅತ್ತೆ. ರಿಂಗ್ ಇರೋದು."

ರಿಂಗ್ ಗಲಗಲ ಅನ್ನುತ್ತದಮ್ಮ, ಸದ್ದು ಬೇಡವೆಂದೇ ಎಲ್ಲರೂ ಕುಣಿಕೆ ಕೇಳುತ್ತಾರೆ ಎಂದು ಉಜ್ಜನಪ್ಪ ಎಚ್ಚರಿಸಿದ.

"ಸದ್ದಾಗ್ಲಿ ಅಂತಾನೇ ಕೇಳ್ತಿರೋದು."

ಸುಭದ್ರಮ್ಮ ನಕ್ಕುಬಿಟ್ಟರು. "ಇದೊಳ್ಳೆ ಕಥೆ ಆಯ್ತಲ್ಲ ಮಾರಾಯ್ತಿ. ಮನೇಗೆ ಪರದೆ ಹಾಕ್ತೀಯೋ, ಎತ್ತಿಗೆ ಗೆಜ್ಜೆ ಕಟ್ತೀಯೋ?" ಎನ್ನುತ್ತ ಬಣ್ಣ ನೋಡಲು ಉಜ್ಜನಪ್ಪನ ಹಿಂದೆ ಅಂಗಡಿಯ ಮುಂಭಾಗಕ್ಕೆ ಹೋದರು.

ಸಾಲು ಪರದೆಗಳ ನಡುವೆ ಇಬ್ಬರೇ ಉಳಿದರು. ಅವಳ ಮುಖ ಸುಡುತ್ತಿತ್ತು.

"ಸದ್ದು ಯಾಕೆ ಬೇಕು?" ಅವನ ದನಿ ತಗ್ಗಿತ್ತು.

ಮಾತನ್ನು ತೂಗಿ ತೂಗಿ ಆಡುವವಳು ಅವಳು. ಆದರೆ ಇನ್ನು ತೂಗುತ್ತಾ ಕೂತರೆ ಭಾನುವಾರ ಬಂದುಬಿಡುತ್ತದೆ.

"ನೀವು ಬಂದದ್ದು ನಂಗೆ ಗೊತ್ತಾಗ್ಬೇಕು."

"ನೀನು ನಿದ್ದೆ ಮಾಡ್ತಿರ್ತೀಯಲ್ಲ."

"ಒಂದಿನಾನೂ ಮಾಡಿಲ್ಲ."

"ಗೊತ್ತು," ಎಂದ ಅವನು. "ನಿನ್ನ ರೆಪ್ಪೆ ಅದುರ್ತಿರುತ್ತೆ."

"ಗೊತ್ತಿದ್ದೂ ವಾಪಸ್ ಹೋಗ್ತಿದ್ರಾ?"

"ನೀನು ಎಚ್ಚರ ಇದ್ದೂ ಕಣ್ಣು ಮುಚ್ಕೊಂಡಿರ್ತಿದ್ದೆ. ಕಾರ್ಖಾನೆ ಮಸಿ ಮೆತ್ಕೊಂಡು ಬರೋನು ಇವಳಿಗೆ ಬೇಡ, ಬಾಯಿಬಿಟ್ಟು ಹೇಳಕ್ಕಾಗ್ದೆ ಹಿಂಗೆ ಮಾಡ್ತಾಳೆ ಅನ್ಕೊಂಡೆ. ದಿನಾ ನೋಡ್ತಿದ್ದೆ... ಇವತ್ತು ಕಣ್ಣು ಬಿಡ್ತಾಳೇನೋ ಅಂತ."

"ರೀ... ಮಲಗಿರು ಅಂದಿದ್ದು ನೀವಲ್ವಾ?"

"ನಾನಾ?"

"ಮೊದಲ್ನೇ ದಿನ. ಹೊಸ್ತಿಲಲ್ಲಿ ನಿಂತ್ಕೊಂಡು."

ಅವನಿಗೆ ನೆನಪಾಗಲು ತುಸು ಹೊತ್ತು ಬೇಕಾಯಿತು. ನೆನಪಾದಾಗ ಪಕ್ಕದ ಸರಳನ್ನು ಹಿಡಿದುಕೊಂಡ. ಐದು ಗಂಟೆಗೆ ಏಳುವವಳು, ಪಾಪ, ದಣಿದಿರುತ್ತಾಳೆ ಎಂದು ಬಾಯಿಗೆ ಬಂದ ಮಾತದು. ಅದನ್ನು ಆಜ್ಞೆಯೆಂದು ಎರಡು ತಿಂಗಳು ಪಾಲಿಸಿದ್ದಳು ಈ ಹುಡುಗಿ.

"ಅಮೂಲ್ಯ... ಎಂಥಾ ಕೆಲಸ ಮಾಡಿದ್ಯೇ."

"ನೀವೇನು ಮಾಡಿದ್ರಿ ಮತ್ತೆ?"

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಅವನು ಅವಳ ಕೈ ಹಿಡಿದ. ಒರಟು ಕೈ, ಹೆಬ್ಬೆರಳಿನ ಬುಡದಲ್ಲಿ ಹಳೆಯ ಸುಟ್ಟ ಕಲೆ. ಅವಳು ಬಿಡಿಸಿಕೊಳ್ಳಲಿಲ್ಲ.

ಮುಂಭಾಗದಿಂದ ಸುಭದ್ರಮ್ಮ ಕೂಗಿದರು, ಹಸಿರೋ ಕೆಂಪೋ ಎಂದು.

"ಅವಳು ಹೇಳಿದ್ದು ಹಾಕ್ಸಮ್ಮ," ಎಂದ ಜ್ಞಾನೇಶ್ ಗಟ್ಟಿಯಾಗಿ. "ಎಲ್ಲಾ ಅವಳು ಹೇಳಿದಂಗೇ ಆಗ್ಲಿ."

ಅಮೂಲ್ಯ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಸಾಸಿವೆ ಹೂವಿನ ಹಳದಿ ಬಣ್ಣದ ಬಟ್ಟೆಯನ್ನು ತಾನೇ ಎತ್ತಿ ಮುಂದಿಟ್ಟಳು. ಯಾರ ಮುಖವನ್ನೂ ನೋಡದೆ, ಯಾರನ್ನೂ ಕೇಳದೆ.

ಆ ರಾತ್ರಿ ಹಾಲ್‌ನ ದಿವಾನ ಖಾಲಿಯಿತ್ತು.

* * *

ಭಾನುವಾರ ಮಲ್ಲಿಕ್ ಬಂದು ಅಕ್ಕನನ್ನು ಕುಂಸಿಗೆ ಕರೆದೊಯ್ದ. ಆಷಾಢದಲ್ಲಿ ಅಳಿಯ ಮಾವನ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಆದರೆ ಹೊರಡುವ ಹಿಂದಿನ ದಿನ ಜ್ಞಾನೇಶ್ ಒಂದು ಲೆಕ್ಕ ಹೇಳಿದ್ದ. ಶಾಸ್ತ್ರ ಇರುವುದು ಮನೆಯ ಹೊಸ್ತಿಲಿಗೆ. ರೈಲ್ವೆ ಸ್ಟೇಷನ್ನಿಗೆ ಯಾವ ಶಾಸ್ತ್ರವೂ ಇಲ್ಲ. ಈ ಮಂಗಳವಾರದಿಂದ ಅವನಿಗೆ ಮತ್ತೆ ವಾರದ ರಜೆ ಸಿಗಲಿತ್ತು.

ಮಂಗಳವಾರ ಅಮೂಲ್ಯ ಗೆಳತಿ ವಾಣಿಯ ಮನೆಗೆಂದು ಹೊರಟಳು. ಅಲ್ಲಿ ಕಾಫಿ ಕುಡಿದು ಬೇಗನೆ ಎದ್ದು ಸ್ಟೇಷನ್ನಿಗೆ ನಡೆದಳು. ರೈಲು ನಿಂತಾಗ ಕೊನೆಯ ಡಬ್ಬಿಯಿಂದ ಅವನೊಬ್ಬನೇ ಇಳಿದ. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಮಾಡಿ ಬಾಚಿದ ಕೂದಲು. ಹೆಣ್ಣು ನೋಡಲು ಬಂದ ದಿನವೂ ಅವನು ಇಷ್ಟು ಅಲಂಕರಿಸಿಕೊಂಡಿರಲಿಲ್ಲ.

ಮರದ ಬೆಂಚಿನಲ್ಲಿ ಇಬ್ಬರೂ ಕೂತರು. ಎರಡು ತಿಂಗಳ ಮಾತು ಬಾಕಿಯಿತ್ತು. ಅವನು ಊರಿಗೆ ವಾಪಸ್ ಹೋಗುವ ರೈಲಿನ ಹೊತ್ತಾಗುವವರೆಗೂ ಆಡಿದರು.

"ಯಾರಾದ್ರೂ ನೋಡಿದ್ರೆ?" ಎಂದಳು ಅವಳು, ಎದ್ದು ನಿಂತಾಗ.

"ನೋಡ್ಲಿ. ನನ್ನ ಹೆಂಡ್ತೀನ ನಾನು ನೋಡಕ್ಕೆ ಬಂದೆ."

"ಮುಂದಿನ ಮಂಗಳವಾರ?"

"ಬರ್ತೀನಿ. ಶ್ರಾವಣದವರೆಗೂ ಇವತ್ತಿನದೂ ಸೇರಿ ನಾಲ್ಕು ಮಂಗಳವಾರ ಇದಾವೆ, ನೋಡಿಟ್ಕೊಂಡೇ ಬಂದಿದೀನಿ."

ಅವಳು ಮನೆಗೆ ಬಂದಾಗ ಪಕ್ಕದ ಮನೆಯ ಕಲ್ಲಮ್ಮ ಜಗಲಿಯಲ್ಲಿ ಅವ್ವನೊಡನೆ ಕೂತಿದ್ದರು. ಅಮೂಲ್ಯಳನ್ನು ನೋಡಿ ಲೊಚಗುಟ್ಟಿದರು. ಗಂಡನನ್ನು ಬಿಟ್ಟು ಬಂದ ಮಗು, ಮುಖ ಹೇಗೆ ಕೆಂಪಾಗಿದೆ ನೋಡು, ದಾರಿಯುದ್ದಕ್ಕೂ ಅತ್ತಿರಬೇಕು, ಇನ್ನೂ ಒಂದು ತಿಂಗಳು ಹೇಗೆ ಕಳೆಯುತ್ತಾಳೋ ಎಂದರು. ಅವ್ವನೂ ನಿಟ್ಟುಸಿರು ಬಿಟ್ಟಳು.

ಅಮೂಲ್ಯ ತಲೆ ತಗ್ಗಿಸಿ ಅವರನ್ನು ದಾಟಿ ಒಳಗೆ ನಡೆದಳು. ಅವ್ವನಿಗಾಗಲೀ, ವಾಣಿಗಾಗಲೀ, ಯಾರಿಗೂ ಇದನ್ನು ಹೇಳುವುದಿಲ್ಲವೆಂದು ಅವಳು ಆಗಲೇ ನಿರ್ಧರಿಸಿಯಾಗಿತ್ತು.